ಹತ್ತುಮೀನಿಗೆ ದಾರಿ ಬೇಕು

ಮೃಗಶಿರೆ ಮಳೆ ಹಿಡಿದು ಎರಡು ದಿನ ಬಿಡದೆ ಸುರಿದರೆ ಸಾಕು, ಮಲೆನಾಡಿನ ಹಳ್ಳಗಳ ಬಣ್ಣವೇ ಬದಲಾಗುತ್ತದೆ. ಬೇಸಗೆಯಿಡೀ ಗುಂಡಿಗಳಲ್ಲಿ ತಂಗಿದ್ದ ನೀರು ಕೆಂಪಾಗಿ, ನೊರೆಗಟ್ಟಿ, ತರಗೆಲೆಗಳನ್ನು ಹೊತ್ತು ಹರಿಯತೊಡಗುತ್ತದೆ. ಆ ರಾತ್ರಿ ಊರಿನ ಗಂಡಸರು, ಹುಡುಗರು ಕಂಬಳಿಕೊಪ್ಪೆ ಹೊದ್ದು, ಕೂಣಿ, ಕತ್ತಿ, ಬ್ಯಾಟರಿ ಹಿಡಿದು ಗದ್ದೆಯಂಚಿಗೆ ಇಳಿಯುತ್ತಾರೆ. ಹೊಳೆಯಿಂದ ಹಳ್ಳಕ್ಕೆ, ಹಳ್ಳದಿಂದ ತೋಡಿಗೆ, ತೋಡಿನಿಂದ ಗದ್ದೆಗೆ ನೀರಿನ ಎದುರು ಈಜುತ್ತ ಏರಿಬರುವ ಮೀನುಗಳಿಗಾಗಿ ಕಾಯುತ್ತಾರೆ. ಏರಿ ಬರುವುದರಿಂದಲೇ ಅವುಗಳಿಗೆ ‘ಹತ್ತುಮೀನು’ ಎಂಬ ಹೆಸರು. ಮರುದಿನ ಅನೇಕ ಮನೆಗಳಲ್ಲಿ ಮೀನುಸಾರಿನ ಪರಿಮಳ. ಉಳಿದದ್ದು ಒಲೆಯ ಮೇಲಿನ ಅಟ್ಟದಲ್ಲಿ ಹೊಗೆಗೆ ಒಣಗಿ ಆರಿದ್ರಾ, ಪುನರ್ವಸು ಮಳೆಯ ದಿನಗಳಿಗೆ ಒದಗುತ್ತದೆ.

ಹೊರಗಿನವರು ಇದನ್ನು ಹುಡುಗಾಟಿಕೆಯ ಬೇಟೆ ಎಂದು ಹೀಗಳೆಯಬಹುದು. ಅದು ಸರಿಯಲ್ಲ. ಗದ್ದೆ ಕೆಲಸ ಮೈಮುರಿಯುವಷ್ಟಿದ್ದು, ಕೈಯಲ್ಲಿ ಕಾಸಿಲ್ಲದ, ತರಕಾರಿ ಸಿಗದ ತಿಂಗಳುಗಳಲ್ಲಿ ಕೂಲಿಕಾರರ ಮತ್ತು ಸಣ್ಣ ರೈತರ ಮನೆಗೆ ಸಾರಯುತ ಆಹಾರವನ್ನು ಕಾಸು ಕೇಳದೆ ಕೊಟ್ಟದ್ದು ಈ ಮೀನು. ಯಾವ ಮಳೆಗೆ ಯಾವ ಮೀನು, ಯಾವ ತಿರುವಿನಲ್ಲಿ ಅದರ ದಾರಿ ಎಂಬ ತಿಳಿವಳಿಕೆ ತಲೆಮಾರುಗಳಿಂದ ಹರಿದುಬಂದಿದೆ. ಆದರೆ ಅದೇ ತಿಳಿವಳಿಕೆಯುಳ್ಳ ಹಿರಿಯರೇ ಇಂದು ಹೇಳುವ ಮಾತು ಬೇರೆ. ಹಿಂದೆ ಬುಟ್ಟಿ ತುಂಬುತ್ತಿದ್ದ ಹಳ್ಳದಲ್ಲಿ ಈಗ ರಾತ್ರಿಯಿಡೀ ಕಾದರೂ ಸಾರಿಗಾಗುವಷ್ಟು ಸಿಗುವುದಿಲ್ಲ ಎನ್ನುತ್ತಾರೆ. ಮಳೆಯೂ ಇದೆ, ನೆರೆಯೂ ಬರುತ್ತಿದೆ. ಹಾಗಿದ್ದರೆ ಮೀನು ಎಲ್ಲಿ ಹೋಯಿತು?

ಉತ್ತರ ಹುಡುಕಬೇಕಾದರೆ ಮೀನು ಏಕೆ ಹತ್ತುತ್ತದೆ ಎಂಬಲ್ಲಿಂದ ಆರಂಭಿಸಬೇಕು. ಬೇಸಗೆಯ ಕೊನೆಯಲ್ಲಿ ನೀರು ಬೆಚ್ಚಗಾಗಿ ಹಗಲು ದೀರ್ಘವಾದಾಗ ಹೆಣ್ಣುಮೀನಿನ ಒಡಲಲ್ಲಿ ಮೊಟ್ಟೆಗಳು ಬಲಿಯುತ್ತವೆ. ಆದರೆ ಬಲಿತ ಮಾತ್ರಕ್ಕೆ ಅದು ಮೊಟ್ಟೆಯಿಡುವುದಿಲ್ಲ; ಒಂದು ಸೂಚನೆಗಾಗಿ ಕಾಯುತ್ತದೆ. ಮೊದಲ ದೊಡ್ಡ ಮಳೆಯೇ ಆ ಸೂಚನೆ. ನೀರು ಒಮ್ಮೆಲೇ ತಂಪಾಗುವುದು, ಮಟ್ಟ ಏರುವುದು, ಸೆಳೆತ ಹೆಚ್ಚುವುದು, ಕದಡಿದ ನೀರಿನಲ್ಲಿ ನೆನೆದ ಮಣ್ಣಿನ ವಾಸನೆ ಬೆರೆಯುವುದು, ಮಳೆನೀರು ಸೇರಿ ಲವಣಾಂಶ ತಗ್ಗುವುದು—ಇವೆಲ್ಲ ಒಟ್ಟಾಗಿ ಮೀನಿನ ಮೆದುಳಿನ ಕೆಳಗಿರುವ ಪುಟ್ಟ ಗ್ರಂಥಿಯನ್ನು ಎಚ್ಚರಿಸುತ್ತವೆ. ಅಲ್ಲಿಂದ ಹೊರಟ ರಸದೂತ ಮೊಟ್ಟೆಗಳನ್ನು ಬಿಡುಗಡೆಗೆ ಅಣಿಗೊಳಿಸುತ್ತದೆ.

ಇದು ಬರಿಯ ಊಹೆಯಲ್ಲ. ಕಾಟ್ಲಾ, ರೋಹು ಮೀನುಗಳನ್ನು ಕೆರೆಯಲ್ಲಿ ಎಷ್ಟು ಚೆನ್ನಾಗಿ ಸಾಕಿದರೂ ನಿಂತ ನೀರಿನಲ್ಲಿ ಅವು ಮೊಟ್ಟೆಯಿಡುತ್ತಿರಲಿಲ್ಲ. ಮೀನುಸಾಕಣೆಗೆ ಬೇಕಾದ ಮರಿಗಳನ್ನು ಪ್ರವಾಹದ ಕಾಲದಲ್ಲಿ ನದಿಗಳಿಂದಲೇ ಸಂಗ್ರಹಿಸಬೇಕಿತ್ತು. 1957ರ ಜುಲೈ 10ರಂದು ಒಡಿಶಾದಲ್ಲಿ ಹೀರಾಲಾಲ್ ಚೌಧುರಿ ಮತ್ತು ಸಂಗಡಿಗರು ಪಿಟ್ಯುಟರಿ ಗ್ರಂಥಿಯ ಸಾರವನ್ನು ಚುಚ್ಚಿ ಕೆರೆಯ ಮೀನುಗಳಿಂದ ಮೊಟ್ಟೆಯಿಡಿಸುವಲ್ಲಿ ಯಶಸ್ವಿಯಾದರು. ದೇಶದಲ್ಲಿ ಆ ದಿನವನ್ನು ಇಂದಿಗೂ ಮೀನುಕೃಷಿಕರ ದಿನವಾಗಿ ಆಚರಿಸಲಾಗುತ್ತಿದೆ. ನೆರೆ ಮಾಡುವ ಕೆಲಸವನ್ನು ಸೂಜಿಯಿಂದ ಮಾಡಲು ವಿಜ್ಞಾನ ಅಂದು ಕಲಿಯಿತು. ಆದರೆ ಹಳ್ಳದಲ್ಲಿರುವ ಹಾವುಮೀನಿಗೆ, ಚೇಳುಮೀನಿಗೆ, ಸಣ್ಣಪುಟ್ಟ ಪರಕೆ ಮೀನುಗಳಿಗೆ ಸೂಜಿ ಚುಚ್ಚುವವರು ಯಾರೂ ಇಲ್ಲ. ಅವುಗಳಿಗೆ ಇಂದಿಗೂ ಮಳೆಯೇ ಗತಿ.

ಹೊಳೆ ಬಿಟ್ಟು ಗದ್ದೆಗೆ ಬರುವುದೇಕೆ ಎಂಬುದಕ್ಕೂ ಕಾರಣವಿದೆ. ತುಂಬಿ ಹರಿಯುವ ಹೊಳೆಯಲ್ಲಿ ಮೊಟ್ಟೆಯಿಟ್ಟರೆ ಅದು ಕೊಚ್ಚಿಹೋಗುತ್ತದೆ. ಗದ್ದೆಯ ನೀರು ಆಳವಿಲ್ಲ, ಸೆಳೆತವಿಲ್ಲ. ಬಿಸಿಲು ತಾಗಿ ಬೆಚ್ಚಗಾಗುತ್ತದೆ. ಕೊಟ್ಟಿಗೆ ಗೊಬ್ಬರ, ಸೊಪ್ಪು ಕೊಳೆತ ನೀರಿನಲ್ಲಿ ಕಣ್ಣಿಗೆ ಕಾಣದ ಪಾಚಿ, ಸೂಕ್ಷ್ಮಜೀವಿಗಳು ಹೇರಳವಾಗಿ ಬೆಳೆದು ಎಳೆಮರಿಗೆ ಹಾಲಿನಂತೆ ಒದಗುತ್ತವೆ. ದೊಡ್ಡ ಮೀನುಗಳ ಬಾಯಿಯ ಭಯವೂ ಕಡಿಮೆ. ಬಿಟ್ಟ ಮೊಟ್ಟೆ ಅನೇಕ ಜಾತಿಗಳಲ್ಲಿ ಒಂದೆರಡು ದಿನದೊಳಗೆ ಒಡೆದು ಮರಿಯಾಗುತ್ತದೆ. ನೆಟ್ಟಿಯ ಗದ್ದೆಯಲ್ಲಿ ಬೆಳೆದು ಮಳೆ ಇಳಿಮುಖವಾದಾಗ ನೀರಿನೊಡನೆ ಹೊಳೆಗೆ ಮರಳುತ್ತದೆ. ಅಮೆಜಾನ್ ನದಿಯನ್ನು ಅಧ್ಯಯನ ಮಾಡಿದ ವೊಲ್ಫ್‌ಗ್ಯಾಂಗ್ ಜಂಕ್ ಮತ್ತು ಸಂಗಡಿಗರು 1989ರಲ್ಲಿ ನದಿಯ ಜೀವಸಂಪತ್ತಿಗೆ ವರ್ಷವರ್ಷದ ನೆರೆಯೇ ನಾಡಿಮಿಡಿತವೆಂಬ ಸಿದ್ಧಾಂತವನ್ನು ಮಂಡಿಸಿದರು. ದಡದಾಚೆಗೆ ಹರಡುವ ನೀರೂ ನದಿಯೇ ಎಂಬುದು ಅದರ ತಿರುಳು. ಗದ್ದೆಯಂಚಿನಲ್ಲಿ ಕೂಣಿ ಹಿಡಿದು ನಿಂತ ಮಲೆನಾಡಿಗನಿಗೆ ಇದು ಹೊಸ ಸಂಗತಿಯಲ್ಲ.

ಈ ಹಳ್ಳಗಳಲ್ಲಿ ಏನಿದೆ ಎಂಬ ಲೆಕ್ಕವೂ ಇನ್ನೂ ಮುಗಿದಿಲ್ಲ. 2011ರಲ್ಲಿ ಪ್ರಕಟವಾದ ಮೌಲ್ಯಮಾಪನವೊಂದು ಪಶ್ಚಿಮಘಟ್ಟದ ಸುಮಾರು 290 ಸಿಹಿನೀರಿನ ಮೀನುಜಾತಿಗಳನ್ನು ಪರಿಶೀಲಿಸಿತು. ಅವುಗಳಲ್ಲಿ ಅರ್ಧಕ್ಕಿಂತ ಹೆಚ್ಚು ಜಗತ್ತಿನ ಬೇರೆಲ್ಲೂ ಇಲ್ಲದವು. ಮೂರರಲ್ಲೊಂದಕ್ಕಿಂತ ಹೆಚ್ಚು ಅಳಿವಿನ ಅಪಾಯದಲ್ಲಿರುವವು. ಶರಾವತಿ ಕಣಿವೆಯಿಂದ 2004ರಲ್ಲಿ ‘ಬಟಾಸಿಯೊ ಶರಾವತಿಯೆನ್ಸಿಸ್’, 2006ರಲ್ಲಿ ನಾಗೋಡಿಯ ಹೆಸರು ಹೊತ್ತ ‘ಶಿಸ್ಟುರಾ ನಾಗೋಡಿಯೆನ್ಸಿಸ್’ ಎಂಬ ಮೀನುಗಳು ವಿಜ್ಞಾನಕ್ಕೆ ಹೊಸದಾಗಿ ಪರಿಚಯವಾದವು. ಲಿಂಗನಮಕ್ಕಿ ಅಣೆಕಟ್ಟು ತುಂಬಿ 40 ವರ್ಷಗಳಾದ ಮೇಲೆ ಇಂಥ ಮೀನುಗಳಿಗೆ ಹೆಸರಿಡಲಾಗಿದೆ ಎಂದರೆ, ಹೆಸರಿಡುವ ಮೊದಲೇ ಮುಳುಗಿದವು ಎಷ್ಟಿರಬಹುದೆಂದು ಯೋಚಿಸಬೇಕು.

ನೆರೆ ಮೀನಿಗೆ ಒಳ್ಳೆಯದು ಎಂದ ಮಾತ್ರಕ್ಕೆ ಎಲ್ಲ ನೆರೆಯೂ ಒಳ್ಳೆಯದಲ್ಲ. ಕಾಡಿನ ತರಗು, ಬೇರು, ಹುಲ್ಲು ಹೀರಿಕೊಂಡು ನಿಧಾನವಾಗಿ ಬಿಟ್ಟುಕೊಡುವ ನೀರು ದಿನಗಟ್ಟಲೆ ಏರುತ್ತದೆ, ದಿನಗಟ್ಟಲೆ ಇಳಿಯುತ್ತದೆ. ಮೀನಿಗೆ ಹತ್ತಲೂ, ಮೊಟ್ಟೆಯಿಡಲೂ, ಮರಳಲೂ ಸಮಯ ಸಿಗುತ್ತದೆ. ಬೋಳು ಗುಡ್ಡದಿಂದ, ಕಡಿದ ರಸ್ತೆಯ ದರೆಯಿಂದ ಒಮ್ಮೆಲೇ ನುಗ್ಗುವ ನೀರು ಬಂದಷ್ಟೇ ಬೇಗ ಇಳಿದುಹೋಗುತ್ತದೆ. ಆಗ ಗದ್ದೆಗೆ ಹತ್ತಿದ ಮೀನು ಅಲ್ಲಿಯೇ ಸಿಕ್ಕಿಬೀಳುತ್ತದೆ. ಇಟ್ಟ ಮೊಟ್ಟೆ ಒಣಗುತ್ತದೆ ಅಥವಾ ಹೂಳಿನಡಿ ಉಸಿರುಗಟ್ಟುತ್ತದೆ. 2018ರ ಆಗಸ್ಟಿನಲ್ಲಿ ಕೊಡಗಿನ ಮಕ್ಕಂದೂರು, ಜೋಡುಪಾಲದ ಸುತ್ತ, 2019ರ ಆಗಸ್ಟಿನಲ್ಲಿ ಮೂಡಿಗೆರೆ, ಚಾರ್ಮಾಡಿಯ ಸುತ್ತ ಗುಡ್ಡಗಳು ಜರಿದಾಗ ಮನೆ, ತೋಟ, ಪ್ರಾಣಗಳ ನಷ್ಟವನ್ನು ನಾಡು ಕಂಡಿತು. ಹಳ್ಳಗಳ ಕಲ್ಲುಸಂದುಗಳಲ್ಲಿ ತುಂಬಿಕೊಂಡ ಕೆಸರನ್ನು ಕಂಡವರು ಕಡಿಮೆ. ಕಲ್ಲಿಗೆ ಅಂಟಿ ಬದುಕುವ, ಕಲ್ಲಿನಡಿ ಮೊಟ್ಟೆಯಿಡುವ ಸಣ್ಣ ಮೀನುಗಳಿಗೆ ಆ ಸಂದುಗಳೇ ಮನೆ. ಮಧ್ಯ ಭಾರತದ ಉದ್ದಗಲಕ್ಕೆ ವ್ಯಾಪಕ ಅತಿವೃಷ್ಟಿಯ ಘಟನೆಗಳು 1950ರಿಂದ 2015ರ ಅವಧಿಯಲ್ಲಿ ಮೂರು ಪಟ್ಟಾಗಿವೆ ಎಂದು 2017ರ ಸಂಶೋಧನೆಯೊಂದು ತೋರಿಸಿತು. ಮಳೆಯ ಸ್ವಭಾವ ಬದಲಾಗುತ್ತಿರುವಾಗ ಹಳ್ಳದ ದಂಡೆಯ ಮರ, ಗುಡ್ಡದ ಕಾಡು ಉಳಿಯುವುದು ಮೀನಿಗೂ ಬೇಕಾದ ಸಂಗತಿ.

ದೊಡ್ಡ ನೆರೆ ಇನ್ನೊಂದು ತೊಂದರೆಯನ್ನೂ ತರುತ್ತದೆ. ಸಾಕಣೆಯ ಹೊಂಡಗಳು ಒಡೆದು ಹೊರಗಿನ ಮೀನು ಹೊಳೆಗೆ ಸೇರುತ್ತದೆ. 2018ರ ಕೇರಳದ ಪ್ರವಾಹದ ಬಳಿಕ ಅಲ್ಲಿನ ಹೊಳೆಗಳಲ್ಲಿ ದಕ್ಷಿಣ ಅಮೆರಿಕದ ಭಾರೀ ಗಾತ್ರದ ಅರಪೈಮಾ ಮೀನು ಬಲೆಗೆ ಬಿದ್ದದ್ದು ಎಲ್ಲರನ್ನೂ ಬೆರಗುಗೊಳಿಸಿತು. ಜಿಲೇಬಿ ಮೀನು ಈಗಾಗಲೇ ಅನೇಕ ಕೆರೆ, ಹಿನ್ನೀರುಗಳಲ್ಲಿ ನೆಲೆಯೂರಿದೆ. ಸಾಕಣೆ ನಿಷೇಧವಾಗಿರುವ ಆಫ್ರಿಕನ್ ಕ್ಯಾಟ್‌ಫಿಶ್ ಕದ್ದುಮುಚ್ಚಿ ಬೆಳೆಯುತ್ತಿದೆ. ಸಿಕ್ಕಿದ್ದನ್ನೆಲ್ಲ ನುಂಗುವ ಇಂಥ ಮೀನು ಹಳ್ಳ ಸೇರಿದರೆ ಮರಳಿ ಹೊರಹಾಕುವ ಉಪಾಯವಿಲ್ಲ. ಹೊಳೆಯಂಚಿನಲ್ಲಿ ಹೊಂಡ ತೋಡುವವರು ನೆರೆಯ ಗರಿಷ್ಠ ಮಟ್ಟ ನೋಡಿಯೇ ಜಾಗ ಆರಿಸಬೇಕು.

ಇನ್ನು ಹಿಡಿಯುವ ಬಗೆಯ ವಿಚಾರ. ಬಿದಿರಿನ ಕಡ್ಡಿಗಳಿಂದ ಹೆಣೆದ ಕೂಣಿಗೆ ಒಂದು ಮಿತಿಯಿತ್ತು. ಕಡ್ಡಿಗಳ ನಡುವಿನ ಸಂದಿನಿಂದ ಸಣ್ಣ ಮೀನು ತಪ್ಪಿಸಿಕೊಳ್ಳುತ್ತಿತ್ತು. ಹಳ್ಳ ತೀರ ತುಂಬಿದರೆ ಕೂಣಿ ನಿಲ್ಲುತ್ತಲೇ ಇರಲಿಲ್ಲ. ಹೆಣೆಯಬಲ್ಲ ಕೈಗಳೂ ಊರಿಗೆ ನಾಲ್ಕಾರು. ಹಿಂದಿನದೆಲ್ಲ ನಿರ್ದೋಷವಾಗಿತ್ತೆಂದೂ ಹೇಳಲಾಗದು. ಬೇಸಗೆಯ ಗುಂಡಿಗಳಿಗೆ ಕಾರೆಕಾಯಿ ಜಜ್ಜಿ ಹಾಕಿ ಮೀನು ಮಂಕಾಗಿಸುವ ಪದ್ಧತಿ ಇತ್ತು. ಆದರೆ ಅದರ ಪ್ರಭಾವ ಒಂದು ಗುಂಡಿಗೆ ಸೀಮಿತ. ಈಗ ಸೊಳ್ಳೆಪರದೆಯಷ್ಟು ಸಣ್ಣ ಕಣ್ಣಿನ ನೈಲಾನ್ ಬಲೆಯನ್ನು ಹಳ್ಳದ ದಡದಿಂದ ದಡಕ್ಕೆ ಕಟ್ಟಲಾಗುತ್ತಿದೆ. ಬ್ಲೀಚಿಂಗ್ ಪುಡಿ, ಕೀಟನಾಶಕ ಸುರಿಯುವವರಿದ್ದಾರೆ. ಬ್ಯಾಟರಿಯಿಂದಲೋ ವಿದ್ಯುತ್ ಕಂಬದಿಂದಲೋ ತಂತಿ ಎಳೆದು ನೀರಿಗೆ ಕರೆಂಟ್ ಹಾಯಿಸುವವರಿದ್ದಾರೆ. ಇದರಿಂದ ಹಿಡಿಯಲೆಂದು ಹೋದವರೇ ಪ್ರಾಣ ಕಳೆದುಕೊಂಡದ್ದುಂಟು. ಕರೆಂಟಿಗೂ ವಿಷಕ್ಕೂ ಮರಿ ಯಾವುದು, ಮೊಟ್ಟೆ ಯಾವುದು, ಏಡಿ ಯಾವುದು ಎಂಬ ಭೇದವಿಲ್ಲ. ಹಳ್ಳದ ಮೂರು ತಿರುವುಗಳವರೆಗೆ ಜೀವವೇ ಇಲ್ಲವಾಗುತ್ತದೆ.

ಯಾವ ರೈತನೂ ಬಿತ್ತನೆಗೆ ಎತ್ತಿಟ್ಟ ಭತ್ತವನ್ನು ಕುಟ್ಟಿ ಉಣ್ಣುವುದಿಲ್ಲ. ಬರಗಾಲದಲ್ಲೂ ಬೀಜದ ಮುಡಿಯನ್ನು ಮುಟ್ಟದೆ ಉಪವಾಸ ಬಿದ್ದ ಹಿರಿಯರ ಕಥೆ ಪ್ರತಿ ಮನೆಯಲ್ಲೂ ಇದೆ. ಮೊದಲ ನೆರೆಗೆ ಹತ್ತುವ ಮೀನು ಹೊಳೆಯ ಬೀಜದ ಮುಡಿ. ಒಂದು ಕಿಲೋ ತೂಗುವ ಹೆಣ್ಣು ರೋಹು ಎರಡು ಲಕ್ಷದಷ್ಟು ಮೊಟ್ಟೆಯಿಡಬಲ್ಲದು. ನಿಧಾನವಾಗಿ ಬೆಳೆಯುವ ಮಹಸೀರ್ ಜಾತಿಯ ಮೀನು ಅದೇ ತೂಕಕ್ಕೆ ಇಡುವುದು ಕೆಲವೇ ಸಾವಿರ. ಅಂಥದೊಂದು ತಾಯಿಮೀನನ್ನು ಕಡಿದರೆ ಆ ನಷ್ಟ ತುಂಬಲು ವರ್ಷಗಳೇ ಬೇಕು. ಶೃಂಗೇರಿಯ ತುಂಗೆಯಲ್ಲಿ, ತೀರ್ಥಹಳ್ಳಿ ಸಮೀಪದ ಚಿಪ್ಪಲಗುಡ್ಡೆಯಲ್ಲಿ, ಬೆಳ್ತಂಗಡಿ ತಾಲ್ಲೂಕಿನ ಶಿಶಿಲದಲ್ಲಿ ದೊಡ್ಡ ಮೀನುಗಳು ಇಂದಿಗೂ ಕಾಣಸಿಗುತ್ತಿರುವುದು ಜನ ಅವನ್ನು ದೇವರ ಮೀನೆಂದು ಬಿಟ್ಟದ್ದರಿಂದ. ಶಿಶಿಲದಲ್ಲಿ 1996ರಲ್ಲಿ ಯಾರೋ ವಿಷ ಹಾಕಿ ಅಪಾರ ಸಂಖ್ಯೆಯ ಮೀನುಗಳು ಸತ್ತಾಗ ಊರವರು ಮರುಗಿ ಸ್ಮಾರಕ ಕಟ್ಟಿದರು. ದೇವಸ್ಥಾನದ ಮೆಟ್ಟಿಲ ಬಳಿ ಅಕ್ಕಿ ತಿನ್ನಿಸುವ ಕೈಗಳು ಊರ ಹಳ್ಳಕ್ಕೆ ಬಂದಾಗ ಬೇರೆಯಾಗಬೇಕಿಲ್ಲ.

ಆದರೆ ಎಲ್ಲ ತಪ್ಪನ್ನೂ ಕೂಣಿ ಹಿಡಿದವನ ತಲೆಗೆ ಕಟ್ಟುವುದು ಅನ್ಯಾಯ. ಅವನು ಮೀನಿನ ದಾರಿಯಲ್ಲಿ ಒಂದು ರಾತ್ರಿ ನಿಲ್ಲುತ್ತಾನೆ. ದಾರಿಯನ್ನೇ ಮುಚ್ಚಿದವರು ಬೇರೆ. ಮಲೆನಾಡಿನ ನದಿಗಳಿಗೆ ಅಡ್ಡಲಾಗಿ ಎದ್ದ ಅಣೆಕಟ್ಟುಗಳಲ್ಲಿ ಮೀನು ಏರಿಹೋಗುವ ಮೆಟ್ಟಿಲುಗಳ ಯೋಚನೆಯನ್ನು ಗಂಭೀರವಾಗಿ ಮಾಡಿದವರಿಲ್ಲ. ಕಿಂಡಿ ಅಣೆಕಟ್ಟಿನ ಹಲಗೆಗಳನ್ನು ಮಳೆಗೆ ಮೊದಲೇ ತೆಗೆಯದಿದ್ದರೆ ಅದೂ ಗೋಡೆಯೇ. ಇವೆಲ್ಲಕ್ಕಿಂತ ಗಮನಕ್ಕೆ ಬಾರದ ಅಡ್ಡಿಯೆಂದರೆ ಹಳ್ಳಿರಸ್ತೆಗಳ ಮೋರಿ. ಸಿಮೆಂಟ್ ಪೈಪನ್ನು ಹಳ್ಳದ ತಳಕ್ಕಿಂತ ಎತ್ತರದಲ್ಲಿ ಕೂರಿಸಿದರೆ ಕೆಲವೇ ಮಳೆಗಾಲಗಳಲ್ಲಿ ಅದರ ಬಾಯಿಯ ಕೆಳಗೆ ಕೊರೆದು ಎರಡು ಮೂರು ಅಡಿಯ ಜಿಗಿತವಾಗುತ್ತದೆ. ಹತ್ತಿಬಂದ ಮೀನೆಲ್ಲ ಅಲ್ಲಿ ಗುಂಪುಗೂಡಿ ಸೋಲುತ್ತದೆ. ಬಲೆ ಹಿಡಿದವರೂ ಅಲ್ಲಿಯೇ ನಿಲ್ಲುತ್ತಾರೆ.

ಹತ್ತಿದ ಮೀನಿಗೆ ತಲುಪಲು ಗದ್ದೆಯಾದರೂ ಇದೆಯೇ ಎಂಬುದು ಮುಂದಿನ ಪ್ರಶ್ನೆ. ಭತ್ತದ ಬೇಸಾಯ ನಷ್ಟವೆಂದು ಗದ್ದೆಗಳು ಅಡಿಕೆ ತೋಟಗಳಾಗಿವೆ. ರೈತನ ಲೆಕ್ಕಾಚಾರವನ್ನು ದೂಷಿಸಲಾಗದು. ಆದರೆ ನೀರು ನಿಲ್ಲಿಸುವ ಗದ್ದೆಗೂ, ನೀರು ಬಸಿದು ಓಡಿಸುವ ತೋಟಕ್ಕೂ ಮೀನಿನ ಪಾಲಿಗೆ ತೊಟ್ಟಿಲಿಗೂ ಚರಂಡಿಗೂ ಇರುವಷ್ಟು ಅಂತರ. ಜೊತೆಗೆ ಕೊಳೆರೋಗಕ್ಕೆ ಸಿಂಪಡಿಸುವ ಬೋರ್ಡೋ ದ್ರಾವಣವಿದೆ. ಮೈಸೂರು ಸರ್ಕಾರದ ವಿಜ್ಞಾನಿಯಾಗಿದ್ದ ಲೆಸ್ಲಿ ಕೋಲ್ಮನ್ 20ನೇ ಶತಮಾನದ ಆರಂಭದಲ್ಲಿ ಈ ರೋಗವನ್ನು ಅಧ್ಯಯನ ಮಾಡಿ ಸಿಂಪಡಣೆಯನ್ನು ಬಳಕೆಗೆ ತಂದರು. ಅದು ಅಡಿಕೆ ಬೆಳೆಗಾರರನ್ನು ಉಳಿಸಿದೆ. 100 ಲೀಟರ್ ನೀರಿಗೆ ಒಂದು ಕಿಲೋ ಮೈಲುತುತ್ತ, ಒಂದು ಕಿಲೋ ಸುಣ್ಣ ಎಂಬ ಪಾಕ ಎಲ್ಲರಿಗೂ ಗೊತ್ತು. ಮೈಲುತುತ್ತದಲ್ಲಿರುವ ತಾಮ್ರ ಮೀನಿನ ಕಿವಿರುಗಳಿಗೆ ಅತ್ಯಂತ ಅಲ್ಪ ಪ್ರಮಾಣದಲ್ಲೂ ವಿಷವೆಂಬುದು ಅಷ್ಟಾಗಿ ಗೊತ್ತಿಲ್ಲ. ಸುಣ್ಣದಂಶ ಕಡಿಮೆಯಿರುವ ಮಲೆನಾಡಿನ ಮೆದುನೀರಿನಲ್ಲಿ ಈ ವಿಷ ಇನ್ನಷ್ಟು ತೀವ್ರ. ಸಿಂಪಡಣೆ ನಡೆಯುವುದು ಮಳೆಗೆ ಮೊದಲು ಮತ್ತು ಮಳೆಯ ನಡುವೆ, ಮೀನು ಮೊಟ್ಟೆಯಿಡುವ, ಮರಿ ಬೆಳೆಯುವ ತಿಂಗಳುಗಳಲ್ಲೇ. ಕೆಲಸ ಮುಗಿದ ಮೇಲೆ ಡ್ರಮ್ಮು, ಪಂಪುಗಳನ್ನು ಹಳ್ಳದಲ್ಲಿ ತೊಳೆಯುವ ರೂಢಿ ಆ ದಿನ ಆ ಹಳ್ಳದ ಮರಿಗಳಿಗೆ ಮಾರಕವಾಗಬಲ್ಲದು.

ಕಾನೂನು ಇಲ್ಲದೆ ಇಲ್ಲ. ಸಿಡಿಮದ್ದು ಮತ್ತು ವಿಷದಿಂದ ಮೀನು ಕೊಲ್ಲುವುದನ್ನು 1897ರ ಮೀನುಗಾರಿಕೆ ಕಾಯ್ದೆಯೇ ಅಪರಾಧವೆಂದಿತ್ತು. ಸಮುದ್ರದಲ್ಲಿ ಯಾಂತ್ರಿಕ ದೋಣಿಗಳಿಗೆ ಜೂನ್ 1ರಿಂದ ಜುಲೈ 31ರವರೆಗೆ 61 ದಿನಗಳ ನಿಷೇಧವಿದೆ. ಒಳನಾಡಿನ ಜಲಾಶಯಗಳಲ್ಲೂ ಮಳೆಗಾಲದ ಆರಂಭದಲ್ಲಿ ಬಲೆ ಇಳಿಸಬಾರದೆಂಬ ಆದೇಶಗಳು ಹೊರಡುತ್ತವೆ. ಹಿನ್ನೀರನ್ನೇ ನಂಬಿದ ಬೆಸ್ತ ಕುಟುಂಬಗಳು ಆ ತಿಂಗಳುಗಳಲ್ಲಿ ಆದಾಯವಿಲ್ಲದೆ ಕೂರುತ್ತವೆ. ಕೇರಳದಲ್ಲಿ ಇದೇ ಹತ್ತುಮೀನಿಗೆ ‘ಊತ್ತ’ ಎನ್ನುತ್ತಾರೆ. ಮಹಾರಾಷ್ಟ್ರದ ಕೊಂಕಣದಲ್ಲಿ ‘ವಲಗಣ’. ಕೇರಳವು 2010ರ ಒಳನಾಡು ಮೀನುಗಾರಿಕೆ ಕಾಯ್ದೆಯ ಮೂಲಕ ಮೊಟ್ಟೆಯಿಡಲು ಹೊರಟ ಮೀನಿನ ದಾರಿಗೆ ಅಡ್ಡಗಟ್ಟುವುದನ್ನೇ ನಿಷೇಧಿಸಿತು. ಆದರೆ ಪಂಚಾಂಗದ ದಿನಾಂಕಕ್ಕೆ ಕಟ್ಟಿದ ಯಾವ ನಿಷೇಧವೂ ಮೀನಿಗೆ ತಿಳಿಯುವುದಿಲ್ಲ. 2023ರಲ್ಲಿ ಮುಂಗಾರು ಕೇರಳಕ್ಕೆ ಕಾಲಿಟ್ಟದ್ದು ಜೂನ್ 8ರಂದು. 2025ರಲ್ಲಿ ಮೇ 24ರಂದು, ರೋಹಿಣಿ ಮಳೆ ಹುಟ್ಟುವ ಮೊದಲೇ. ಎರಡಕ್ಕೂ ನಡುವೆ ಹದಿನೈದು ದಿನಗಳ ಅಂತರ. ಜೂನ್ ಒಂದಕ್ಕೆ ನಿಷೇಧ ಜಾರಿಯಾಗುವ ಹೊತ್ತಿಗೆ ಮೊದಲ ನೆರೆ ಬಂದು ಹೋಗಿರಬಹುದು. ಇಂಥ ಕಡೆ ಇಲಾಖೆಯ ಆದೇಶಕ್ಕಿಂತ ಹಳ್ಳದ ಬದಿಯಲ್ಲೇ ಇರುವ ಊರಿನ ಕಣ್ಣು ಹೆಚ್ಚು ಉಪಯೋಗಕ್ಕೆ ಬರುತ್ತದೆ.

ಆದ್ದರಿಂದ ತೀರ್ಮಾನ ಊರಿನದೇ ಆಗಬೇಕು, ಮಳೆಗೆ ಮೊದಲೇ ಆಗಬೇಕು. ವರ್ಷದ ಮೊದಲ ದೊಡ್ಡ ನೆರೆ ಬಂದ ಮೂರು ರಾತ್ರಿ ಹಳ್ಳಕ್ಕೆ ಯಾರೂ ಇಳಿಯದಿರುವುದು ಮೊದಲ ನಿಯಮ. ಆ ಬಳಿಕ ಹಿಡಿಯುವವರೂ ಹಳ್ಳದ ಅರ್ಧ ಅಗಲವನ್ನು ತೆರೆದೇ ಬಿಡುವುದು, ಮೊಟ್ಟೆ ತುಂಬಿದ ಹೊಟ್ಟೆಯ ಮೀನು ಕೂಣಿಯಲ್ಲಿ ಸಿಕ್ಕರೆ ಮೇಲ್ಬದಿಗೆ ಬಿಟ್ಟುಬಿಡುವುದು ಎರಡನೆಯದು. ಕರೆಂಟ್, ವಿಷ, ಸಿಡಿಮದ್ದುಗಳ ವಿಷಯದಲ್ಲಿ ನೆಂಟನೆಂಬ ದಾಕ್ಷಿಣ್ಯವೂ ಬೇಡ. ಸಿಂಪಡಣೆಯ ಡ್ರಮ್ಮುಗಳನ್ನು ಹಳ್ಳದಿಂದ ದೂರ, ತೋಟದ ಮೇಲ್ಬದಿಯ ಒಂದು ಗುಂಡಿಯಲ್ಲಿ ತೊಳೆಯುವುದಕ್ಕೆ ಖರ್ಚಿಲ್ಲ. ತೋಟದವರ ಡ್ರಮ್ಮು ಹಳ್ಳದಲ್ಲಿ ತೊಳೆಯುತ್ತಿರುವಾಗ ಕೂಲಿಯವನ ಕೂಣಿಯನ್ನು ಮಾತ್ರ ತಡೆಯುವ ನಿಯಮ ನಿಲ್ಲಲಾರದು. ಎರಡೂ ಒಂದೇ ದಿನ ಜಾರಿಗೆ ಬರಬೇಕು. ಊರಿನಲ್ಲಿ ಹೊಸ ಮೋರಿ ಕಟ್ಟುವಾಗ ಪೈಪಿನ ತಳ ಹಳ್ಳದ ತಳಕ್ಕಿಂತ ಕೆಳಗಿರಲಿ ಎಂದು ಪಂಚಾಯಿತಿ ಸದಸ್ಯರು ಕೇಳಬೇಕು. ಹಳೆಯ ಮೋರಿಯ ಬಾಯಿಗೆ ಕಲ್ಲು ಜೋಡಿಸಿ ಮೆಟ್ಟಿಲು ಮಾಡಲು ಒಂದು ದಿನದ ಶ್ರಮದಾನ ಸಾಕು. ಬೀಳುಬಿದ್ದ ಕೆಳಗದ್ದೆ ಒಂದಾದರೂ ಇದ್ದರೆ ಅದಕ್ಕೆ ನೀರು ನಿಲ್ಲಲು ಬಿಟ್ಟರೆ ಮೀನಿಗೆ ಅಷ್ಟಾದರೂ ನೆಲೆ ಸಿಗುತ್ತದೆ.

ವಿದ್ಯಾರ್ಥಿಗಳಿಗೂ ಕೆಲಸವಿದೆ. ಮೊದಲ ಮೀನು ಹತ್ತಿದ ದಿನ, ಅಂದಿನ ಮಳೆಯ ಪ್ರಮಾಣ, ಹಳ್ಳದ ಹೆಸರು, ಮೀನಿನ ಸ್ಥಳೀಯ ಹೆಸರು, ಹೊಟ್ಟೆಯಲ್ಲಿ ಮೊಟ್ಟೆ ಇತ್ತೇ ಇಲ್ಲವೇ—ಇಷ್ಟನ್ನು ಒಂದು ಪುಸ್ತಕದಲ್ಲಿ ಬರೆದಿಟ್ಟರೆ ಹತ್ತು ವರ್ಷಗಳಲ್ಲಿ ಯಾವ ವಿಶ್ವವಿದ್ಯಾಲಯದಲ್ಲೂ ಇಲ್ಲದ ದಾಖಲೆ ಊರ ಶಾಲೆಯಲ್ಲಿ ಇರುತ್ತದೆ. ಜೀವವೈವಿಧ್ಯ ಕಾಯ್ದೆ 2002ರ ಪ್ರಕಾರ ಪ್ರತಿ ಪಂಚಾಯಿತಿಯಲ್ಲೂ ಜೀವವೈವಿಧ್ಯ ನಿರ್ವಹಣಾ ಸಮಿತಿ ಇರಬೇಕು; ಜನತಾ ಜೀವವೈವಿಧ್ಯ ದಾಖಲೆಯನ್ನು ಸಿದ್ಧಪಡಿಸುವುದು ಅದರ ಹೊಣೆ. ಅಜ್ಜಂದಿರ ನೆನಪಿನಲ್ಲಿರುವ ಮೀನಿನ ಹೆಸರುಗಳು ಆ ಪುಸ್ತಕಕ್ಕೆ ಸೇರುವ ಮೊದಲೇ ಮರೆತುಹೋಗಬಾರದು. ಆದರೆ ದಾಖಲೆಯ ನೆಪದಲ್ಲಿ ಮಕ್ಕಳು ತುಂಬಿದ ಹಳ್ಳಕ್ಕೆ ಇಳಿಯುವುದು ಬೇಡ. ದಡದಲ್ಲಿ ನಿಂತು, ದೊಡ್ಡವರ ಜೊತೆಯಲ್ಲಿ ನೋಡಿದರೆ ಸಾಕು.

ಮೂರು ರಾತ್ರಿ ಬಿಟ್ಟರೆ ಸಾರಿನ ರುಚಿ ಕಡಿಮೆಯಾಗುವುದಿಲ್ಲ. ಮಳೆ ಮುಗಿದು ಗದ್ದೆಯ ನೀರು ಇಳಿಯುವಾಗ ಬೆರಳುದ್ದದ ಮರಿಗಳು ಹೊಳೆಗೆ ಮರಳುತ್ತವೆ. ಅವೇ ಬೆಳೆದು ಬರುವ ವರ್ಷಗಳಲ್ಲಿ ಮತ್ತೆ ಹತ್ತಿಬರುತ್ತವೆ. ಊರಿಗೆ ಒಂದು ಹಳ್ಳವನ್ನಾದರೂ ಆರಿಸಿಕೊಂಡು ಬರುವ ಮಳೆಗಾಲದಲ್ಲೇ ಇದನ್ನು ಮಾಡಿ ನೋಡಲು ಅಡ್ಡಿಯಿಲ್ಲ. ಗ್ರಾಮಸಭೆಯಲ್ಲಿ ಮಾತೆತ್ತಲು ಇನ್ನೂ ಸಮಯವಿದೆ. ಕೂಣಿ ಅಟ್ಟದಿಂದ ಇಳಿಯುವ ಮೊದಲು ಆ ಮಾತು ಆಗಲಿ.